ಸಾರಿನಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ. ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದ ಮೇಲೆ ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಭಾವನವರ ಮಗನ ಮದುವೆಯ ಹಿಂದಿನ ರಾತ್ರಿ ಕುಡಿದರು. ಈಗ ವಾರಕ್ಕೆರಡು ಸಲ ಆಗುತ್ತಿದೆ. ಅತ್ತೆ ಯಾರೋ ಕೊಟ್ಟ ಪುಡಿ ತಂದಿಟ್ಟು, ಗೊತ್ತಾಗದ ಹಾಗೆ ಸಾರಿಗೆ ಹಾಕು ಅನ್ನುತ್ತಾರೆ. ನಾನು ದಿನಾ ಅವರ ಬಾಯಿ ಮೂಸುತ್ತೇನೆ, ಸ್ಕೂಟರ್ ಡಿಕ್ಕಿ ತಡಕುತ್ತೇನೆ. ಬಾಕಿ ಕೇಳಿ ಫೋನ್ ಬಂದರೆ ‘ಜ್ವರ ಬಂದು ಮಲಗಿದ್ದಾರೆ’ ಅಂತ ಸುಳ್ಳು ಹೇಳುವುದೂ ನಾನೇ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ಪುಡಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ನಿಲ್ಲಿಸಿ, ಪೊಟ್ಟಣವನ್ನು ವೈದ್ಯರಿಗೆ ತೋರಿಸಿ. ಇಂಥ ಪುಡಿಯಲ್ಲಿ ಏನಿದೆಯೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ; ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಬೆರೆಸಿರಲೂಬಹುದು. ಅದು ಒಳ್ಳೆಯ ಔಷಧಿಯೇ, ಆದರೆ ನುಂಗುವವರಿಗೆ ಗೊತ್ತಿದ್ದರೆ ಮಾತ್ರ. ಮದ್ಯ ಮೈಯಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಆ ವಿಷ ಕರಗುತ್ತದೆ. ಡೈಸಲ್ಫಿರಾಮ್ ಈ ಕರಗುವುದನ್ನೇ ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಇದು ನಡೆಯಬಹುದು. ಒಪ್ಪಿ ತೆಗೆದುಕೊಳ್ಳುವವರಿಗೂ ನಾವು ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್, ಅರಿಷ್ಟ, ಆಸವ ಬೇಡ ಎಂದೇ ಹೇಳಿಕಳಿಸುತ್ತೇವೆ. ಇನ್ನೊಂದು ಮಾತು: ವಿಷಯ ಗೊತ್ತಾದ ದಿನದಿಂದ ಅವರು ನಿಮ್ಮ ಕೈಯ ಊಟವನ್ನು ನಂಬುವುದಿಲ್ಲ.

ಬಿಟ್ಟವರು ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಹಾಗಂತ ಆ ನಾಲ್ಕು ತಿಂಗಳು ನೀರಿನಲ್ಲಿ ಹೋಮವಾಗಲಿಲ್ಲ. ಆಗ ಸಂಜೆ ಹೊತ್ತು ಹೇಗೆ ಕಳೆಯುತ್ತಿದ್ದರು, ಯಾರ ಜೊತೆ ಇರುತ್ತಿದ್ದರು, ಯಾವುದು ತಪ್ಪಿತು ಎಂದು ಕೇಳಿ. ಧರ್ಮಸ್ಥಳದ ಶಿಬಿರಗಳಲ್ಲಾದರೆ ಎಂಟು ದಿನ ಮುಗಿದ ಮೇಲೆ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಯ ಸಭೆಗಳಿರುತ್ತವೆ. ಹೆಚ್ಚಿನವರು ‘ಈಗ ಸರಿಹೋದೆನಲ್ಲ’ ಎಂದು ಬಿಡುವುದು ಅದನ್ನೇ.

ಮೂಸುವುದನ್ನು ಬಿಡಿ. ಕುಡಿದಿದ್ದರೆ ನೋಡಿದರೇ ಗೊತ್ತಾಗುತ್ತದೆ. ಕುಡಿಯದ ದಿನ ಮೂಸಿದರೆ ಅವರಿಗೆ ಕುಡಿಯಲು ಒಂದು ನೆಪ ಸಿಗುತ್ತದೆ. ಜ್ವರದ ಸುಳ್ಳನ್ನೂ ನಿಲ್ಲಿಸಿ. ಬಾಕಿ ಕೇಳಿದವರಿಗೆ ‘ಅವರ ಹತ್ತಿರವೇ ಮಾತಾಡಿ’ ಎಂದರೆ ಸಾಕು. ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ನೀವು ಮುಚ್ಚಿಟ್ಟಷ್ಟೂ ದಿನ ಕುಡಿತದ ಲುಕ್ಸಾನು ಅವರ ಕಣ್ಣಿಗೆ ಬೀಳುವುದಿಲ್ಲ. ಮನೆಖರ್ಚು, ಮಕ್ಕಳ ಫೀಸಿನ ದುಡ್ಡು ಮಾತ್ರ ನಿಮ್ಮ ಖಾತೆಯಲ್ಲಿರಲಿ.

ಕುಡಿದು ಬಂದ ರಾತ್ರಿ ವಾದ ಬೇಡ, ಆಣೆ-ಪ್ರಮಾಣವೂ ಬೇಡ. ಮಾರನೇ ದಿನ ತಿಂಡಿಯ ಹೊತ್ತಿಗೆ, ಅತ್ತೆ ಇಲ್ಲದಾಗ, ನೋಡಿದ್ದನ್ನಷ್ಟೇ ಹೇಳಿ: ‘ನಿನ್ನೆ ಪುಟ್ಟಿ ಪ್ರಾಜೆಕ್ಟ್ ತೋರಿಸೋಕೆ ಒಂಬತ್ತರ ತನಕ ಕೂತಿದ್ಲು. ಗುರುವಾರ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ.’ ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ ಮಾಡಿ. ನಮ್ಮ ಮನೆಗಳಲ್ಲಿ ಕುಡಿದು ಬಂದ ದಿನ ಸಿಗುವಷ್ಟು ಗಮನ ಕುಡಿಯದ ದಿನ ಸಿಗುವುದಿಲ್ಲ.

ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕುಡಿಯುವ ತವಕ ತಗ್ಗಿಸಲು ನಾಲ್ಟ್ರೆಕ್ಸೋನ್‌ನಂಥ ಔಷಧಿಗಳಿವೆ. ಮಧ್ಯರಾತ್ರಿ ವ್ಯಾನ್ ತಂದು ಹೊತ್ತೊಯ್ಯುತ್ತೇವೆ ಎನ್ನುವ ಕೇಂದ್ರಗಳ ಹತ್ತಿರ ಸುಳಿಯಬೇಡಿ.

ಕುಡಿತ ದಿನನಿತ್ಯಕ್ಕೆ ತಿರುಗಿದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಥಟ್ಟನೆ ನಿಲ್ಲಿಸಿದವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಹೊತ್ತುಗೊತ್ತು ತಿಳಿಯದೆ ಬಡಬಡಿಸುವುದು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನಿಮ್ಮ ಕಾಗದದಲ್ಲಿ ನಿಮ್ಮ ನಿದ್ದೆ, ಊಟದ ಸುದ್ದಿಯೇ ಇಲ್ಲ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ, ಯಜಮಾನರು ಒಪ್ಪದಿದ್ದರೂ ನೀವು ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೈ ಮಾಡಿದರೆ ಮಾತ್ರ ಕಾಯಬೇಡಿ: ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ.