ಬಿಳಿ ಬೋರ್ಡ್ ಕಾರಿನಲ್ಲಿ ಹೋಂಸ್ಟೇ ಅತಿಥಿಗಳು: ವಿಮೆ ಸಿಗುತ್ತದೆಯೇ?

ಮೈಸೂರು ಸ್ಟೇಷನ್‌ನಿಂದ ಮಡಿಕೇರಿಗೆ ಅತಿಥಿಗಳನ್ನು ಸ್ವಂತ ಕಾರಿನಲ್ಲೇ ಕರೆತರಬಹುದಾ ಅಂತ ಕೇಳಿದ್ದೀರಿ. ಪಾಲಿಸಿಯಲ್ಲಿ 'ಬಳಕೆಯ ಮಿತಿ' ಅನ್ನೋ ಸಾಲು ಓದಿ: ಖಾಸಗಿ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸೋದಿಲ್ಲ. ದುಡ್ಡು ಕೈಗೇ ಬರಬೇಕೆಂದಿಲ್ಲ ಸ್ವಾಮಿ, ರೂಮಿನ ಬಿಲ್ಲಿನಲ್ಲಿ 'ಪಿಕಪ್ ₹2,500' ಅಂತಿದ್ದರೆ ಕ್ಲೇಮ್ ಪರಿಶೀಲಿಸೋಕೆ ಬರುವ ಸರ್ವೇಯರ್‌ಗೆ ಅಷ್ಟೇ ಸಾಕು, ನಿಮ್ಮ ಕಾರಿನ ರಿಪೇರಿ ಕ್ಲೇಮ್ ಬಿದ್ದುಹೋಗಬಹುದು. ಗಾಯಾಳುಗಳಿಗೆ ಕಂಪನಿ ಪರಿಹಾರ ಕೊಟ್ಟರೂ ಕೋರ್ಟ್ ಆದೇಶದಂತೆ ನಿಮ್ಮಿಂದಲೇ ವಸೂಲಿ ಮಾಡಬಹುದು.

ನಿಜಕ್ಕೂ ಪುಕ್ಕಟೆ ಅಂದರೂ ಬರೀ ಥರ್ಡ್ ಪಾರ್ಟಿ ಪಾಲಿಸಿ ಸಾಲದು, ಒಳಗೆ ಕೂತವರಿಗೆ ರಕ್ಷಣೆ ಬೇಕಾದರೆ ಪ್ಯಾಕೇಜ್ ಪಾಲಿಸಿಯೇ (ನಿಮ್ಮ ಕಾರಿನ ಹಾನಿಯೂ ಸೇರಿದ ಸಮಗ್ರ ವಿಮೆ) ಇರಲಿ. ಕಂಪನಿಗೆ ಮೊದಲೇ ಇಮೇಲ್ ಹಾಕಿ, ಉತ್ತರ ಲಿಖಿತದಲ್ಲೇ ತರಿಸಿಕೊಳ್ಳಿ. ಏಜೆಂಟ್ ಬಾಯಿಮಾತು ಕ್ಲೇಮ್ ದಿನ ನಿಲ್ಲೋದಿಲ್ಲ. ವಾರಕ್ಕೆರಡು ಟ್ರಿಪ್ ಇದ್ದರೆ ಮಡಿಕೇರಿ ಆರ್‌ಟಿಒದಲ್ಲಿ ಹಳದಿ ಬೋರ್ಡ್, ಪರ್ಮಿಟ್, ಫಿಟ್‌ನೆಸ್ ಮಾಡಿಸಿ, ವಾಣಿಜ್ಯ ಪಾಲಿಸಿಗೆ ಬದಲಾಯಿಸಿ. ಅಪರೂಪಕ್ಕಾದರೆ ಟ್ಯಾಕ್ಸಿಯವರಿಗೆ ಹೇಳಿಬಿಡೋದೇ ಅಗ್ಗ.