ಆತ್ಮ ಇದ್ದ ಮೇಲೆ ಪುನರುತ್ಥಾನ ಯಾಕೆ?

ವಂದನೆ ಅಕ್ಕಾ. "ಅಪ್ಪನ ಆತ್ಮ ದೇವರ ಹತ್ತಿರ ಇದೆ ಅಂದ ಮೇಲೆ ಪುನರುತ್ಥಾನ ಯಾಕೆ ಬೇಕು?" ಅಂತ ಬೀದರಿನಿಂದ ಕೇಳಿದ್ದೀರಿ. ಬಹಳ ಮಂದಿ ಎಡವುವುದು ಇಲ್ಲೇ. ನಮ್ಮ ನಂಬಿಕೆ ಆತ್ಮಕ್ಕೆ ನಿಲ್ಲುವುದಿಲ್ಲ, ದೇಹವೂ ಏಳುತ್ತದೆ.

ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯವನ್ನು (1 ಕೊರಿಂಥ 15) ನಿಧಾನವಾಗಿ ಓದಿ. 3ರಿಂದ 8ನೇ ವಚನದಲ್ಲಿ ಎದ್ದುಬಂದ ಯೇಸುಸ್ವಾಮಿಯನ್ನು ಕಂಡವರ ಪಟ್ಟಿ ಇದೆ. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ಮಂದಿ. 36, 37ರಲ್ಲಿ ಪೌಲನು ಬೀಜದ ಮಾತು ತೆಗೆಯುತ್ತಾನೆ. ತೊಗರಿ ಬಿತ್ತುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಣ್ಣಿಗೆ ಹೋಗುವುದು ಕಾಳು, ಮೇಲೆ ಬರುವುದು ಗಿಡ. ರೂಪ ಬೇರೆ, ಆದರೆ ಅದೇ ಕಾಳಿನದು. ಏಳುವ ದೇಹವೂ ಹಾಗೆಯೇ.

ದುಃಖ ಅದುಮಿಡಬೇಡಿ. ತಮ್ಮ ಗೆಳೆಯ ಲಾಜರನ ಸಾವಿಗೆ ಯೇಸುಸ್ವಾಮಿಯೂ ಕಣ್ಣೀರಿಟ್ಟರು. ಈಸ್ಟರ್ ನಸುಕಿನಲ್ಲಿ ಸಮಾಧಿಗೆ ಹೋದಾಗ ಈ ವಚನಗಳನ್ನು ಮಕ್ಕಳಿಗೂ ಕೇಳುವಂತೆ ಓದಿ. ಸೋಮವಾರದ ಕೆಲಸಕ್ಕೆ ಅದೇ ಅಧ್ಯಾಯದ 58ನೇ ವಚನ ಸಾಕು: ಕರ್ತನಲ್ಲಿ ನಿಮ್ಮ ದುಡಿಮೆ ವ್ಯರ್ಥವಲ್ಲ.