‘ಧರ್ಮ ಇಲ್ಲ’ ಎಂದವರು ಏನನ್ನು ನಂಬುತ್ತಾರೆ?

ಯಾವ ಧರ್ಮಕ್ಕೂ ಸೇರದ ಯುವಜನರ ಸಂಖ್ಯೆ ಏರುತ್ತಿರುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಮಾಜಶಾಸ್ತ್ರದ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆ. ಅವರ ವಿದ್ಯಾರ್ಥಿಗಳು 120 ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚಿದ್ದರಂತೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ‘ಧರ್ಮ ಇಲ್ಲ’ ಎಂದು ಗುರುತು ಹಾಕಿದ್ದಾರೆ. ಅವರಲ್ಲೇ ಅರ್ಧಕ್ಕರ್ಧ ಜನ ಮುಂದಿನ ಪ್ರಶ್ನೆಗೆ ‘ದೇವರಿದ್ದಾನೆ’ ಎಂದೂ ಬರೆದಿದ್ದಾರೆ. “ಹುಡುಗರು ತಮಾಷೆಗೆ ತುಂಬಿದರೋ, ಪ್ರಶ್ನೆಯೇ ಕೆಟ್ಟಿತ್ತೋ? ವಯಸ್ಸಾದ ಮೇಲೆ ಇವರೆಲ್ಲ ಮರಳಿ ಬರುವವರೇ ತಾನೆ?” ಎಂದು ಕೇಳಿದ್ದಾರೆ. ಮತ್ತೊಮ್ಮೆ ಸಮೀಕ್ಷೆ ಮಾಡಿದರೆ ಹೇಗೆ ಮಾಡಬೇಕು ಎಂಬುದೂ ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ವಿದ್ಯಾರ್ಥಿಗಳು ತಮಾಷೆ ಮಾಡಿಲ್ಲ ಎಂದೇ ನಮ್ಮ ಅನಿಸಿಕೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರ ಆರಂಭದಲ್ಲಿ ಪ್ರಕಟಿಸಿದ ವರದಿಯಲ್ಲೂ ಇದೇ ಚಿತ್ರವಿದೆ. ಅಲ್ಲಿ ಯಾವ ಧರ್ಮಕ್ಕೂ ಸೇರದವರನ್ನು 100 ಎಂದಿಟ್ಟುಕೊಂಡರೆ, ತಮ್ಮನ್ನು ನಿರೀಶ್ವರವಾದಿ ಎಂದು ಕರೆದುಕೊಂಡವರು 17, ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು) ಎಂದವರು 20. ಉಳಿದ 63 ಮಂದಿ ‘ನಿರ್ದಿಷ್ಟವಾಗಿ ಯಾವುದೂ ಅಲ್ಲ’ ಎಂದವರು. ಈ ನೂರು ಜನರಲ್ಲಿ ದೇವರನ್ನಾಗಲಿ, ಬೇರೊಂದು ಮೇಲಿನ ಶಕ್ತಿಯನ್ನಾಗಲಿ ನಂಬದವರು 29 ಮಾತ್ರ. ಧರ್ಮಕ್ಕೆ ಸೇರುವುದು ಬೇರೆ, ದೇವರನ್ನು ನಂಬುವುದು ಬೇರೆ, ಆಚರಿಸುವುದು ಇನ್ನೂ ಬೇರೆ. ಮೂರನ್ನೂ ಒಂದೇ ಪ್ರಶ್ನೆಯಲ್ಲಿ ಹಿಡಿಯಲು ಹೋದಾಗ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಆದರೂ ನಿಮ್ಮ ಪ್ರಶ್ನಾವಳಿಯಲ್ಲಿ ಒಂದು ತೊಡಕಿದೆ. ಅದು ನಮ್ಮ ಭಾಷೆಯದ್ದೇ ತೊಡಕು. ಕನ್ನಡದಲ್ಲಿ ‘ಧರ್ಮ’ ಎಂದರೆ ಮತ ಮಾತ್ರವಲ್ಲ. ನ್ಯಾಯ, ಕರ್ತವ್ಯ, ದಾನ ಎಲ್ಲವೂ ಹೌದು. ‘ನಿನಗೆ ಧರ್ಮ ಇದೆಯಾ?’ ಎಂದು ಕೇಳಿದರೆ ಅದು ಬೈಗುಳದಂತೆ ಕೇಳಿಸುತ್ತದೆ. ‘ಧರ್ಮ ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಲು ಹೊರಟವನ ಕೈ ಅಲ್ಲೇ ತಡೆಯುತ್ತದೆ. ‘ಯಾವ ಧರ್ಮಕ್ಕೂ ಸೇರಿದವರಲ್ಲ’ ಎಂದು ಅಚ್ಚು ಹಾಕಿ. ‘ನಾಸ್ತಿಕ’ ಎಂಬ ಪದವನ್ನಂತೂ ಬಳಸಲೇಬೇಡಿ. ದರ್ಶನಶಾಸ್ತ್ರದ ಹಳೆಯ ಲೆಕ್ಕದಲ್ಲಿ ವೇದಪ್ರಾಮಾಣ್ಯ ಒಪ್ಪದವನು ನಾಸ್ತಿಕ. ಆ ಪ್ರಕಾರ ಜೈನರೂ ಬೌದ್ಧರೂ ನಾಸ್ತಿಕರು. ವೇದವನ್ನು ಒಪ್ಪಿಯೂ ಜಗತ್ತಿಗೆ ಸೃಷ್ಟಿಕರ್ತ ಬೇಕಿಲ್ಲವೆನ್ನುವ ಮೀಮಾಂಸಾ ದರ್ಶನದವರು ಆಸ್ತಿಕರು! ಇಂದು ಆಡುಮಾತಿನಲ್ಲಿ ನಾಸ್ತಿಕ ಎಂದರೆ ದೇವರನ್ನು ನಂಬದವನು ಎಂದಾಗಿದೆ, ಜೊತೆಗೊಂದಿಷ್ಟು ಮೂದಲಿಕೆಯೂ ಅಂಟಿಕೊಂಡಿದೆ. ಇಷ್ಟೆಲ್ಲ ಹೊತ್ತ ಪದವನ್ನು ಒಂದು ಚೌಕದ ಪಕ್ಕ ಇಡಬಾರದು.

ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ಅಲುಗಾಡಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿ ‘ನಿಮ್ಮ ಧರ್ಮ ಯಾವುದು?’ ಎಂದು ನೇರವಾಗಿ ಕೇಳುತ್ತದೆ. ಒಂದು ಧರ್ಮ ಇದ್ದೇ ಇರುತ್ತದೆ ಎಂಬ ಊಹೆ ಪ್ರಶ್ನೆಯಲ್ಲೇ ಅಡಗಿದೆ. ಹಾಗಿದ್ದೂ ‘ಧರ್ಮವಿಲ್ಲ’ ಎಂದವರು 2001ರಲ್ಲಿ ಶೇ. 15ರಷ್ಟಿದ್ದವರು 2021ರಲ್ಲಿ ಶೇ. 37 ದಾಟಿದರು. ಐರೋಪ್ಯ ಸಾಮಾಜಿಕ ಸಮೀಕ್ಷೆ ಎರಡು ಹೆಜ್ಜೆ ಇಡುತ್ತದೆ: ಮೊದಲು ಯಾವುದಾದರೂ ಧರ್ಮಕ್ಕೆ ಸೇರಿದವರೆಂದು ಭಾವಿಸುತ್ತೀರಾ ಎಂದು, ‘ಹೌದು’ ಎಂದವರಿಗೆ ಮಾತ್ರ ಯಾವುದು ಎಂದು. ಎರಡು ಹೆಜ್ಜೆಯ ಕ್ರಮದಲ್ಲಿ ‘ಇಲ್ಲ’ ಹೆಚ್ಚು ಬರುತ್ತದೆ. ಆಸ್ಟ್ರೇಲಿಯಾದವರು 2016ರಲ್ಲಿ ‘ಧರ್ಮವಿಲ್ಲ’ ಎಂಬ ಆಯ್ಕೆಯನ್ನು ಜನಗಣತಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲಿಗೆ ತಂದರು. ಐದು ವರ್ಷದ ಹಿಂದೆ ಶೇ. 22ರ ಆಸುಪಾಸಿನಲ್ಲಿದ್ದ ಅಂಕಿ ಶೇ. 30 ಮುಟ್ಟಿತು. ಆ ಏರಿಕೆಯಲ್ಲಿ ಪಟ್ಟಿ ಬದಲಾದದ್ದರ ಪಾಲು ಎಷ್ಟು, ಜನ ಬದಲಾದದ್ದರ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ಇನ್ನೊಂದು ಸಂಗತಿ: ಜನಗಣತಿಯ ಫಾರಂ ಅನ್ನು ಸಾಮಾನ್ಯವಾಗಿ ಮನೆಯ ಒಬ್ಬರೇ ಎಲ್ಲರ ಪರವಾಗಿ ತುಂಬುತ್ತಾರೆ. ಹೆತ್ತವರ ಜೊತೆಗಿರುವ ಇಪ್ಪತ್ತರ ಮಗಳ ಧರ್ಮ ಅಲ್ಲಿ ಅಪ್ಪ ಬರೆದದ್ದು.

ಮರಳಿ ಬರುತ್ತಾರೆಯೇ ಎಂಬ ಪ್ರಶ್ನೆಗೆ ಬರೋಣ. ಇಂದಿನ ಇಪ್ಪತ್ತರವರನ್ನು ಇಂದಿನ ಎಪ್ಪತ್ತರವರ ಪಕ್ಕ ನಿಲ್ಲಿಸಿದರೆ ಇದಕ್ಕೆ ಉತ್ತರ ಸಿಗದು. ಒಂದೇ ಅವಧಿಯಲ್ಲಿ ಹುಟ್ಟಿದವರನ್ನು ಹತ್ತು ವರ್ಷ ಬಿಟ್ಟು ಮತ್ತೆ ನೋಡಬೇಕು. ಅಂದರೆ 2011ರಲ್ಲಿ 20ರಿಂದ 24 ವಯಸ್ಸಿನವರಾಗಿದ್ದವರನ್ನು 2021ರ 30ರಿಂದ 34ರವರ ಜೊತೆ. ಅಮೆರಿಕದಲ್ಲಿ ಪ್ಯೂ 2007ರಿಂದ ಮೂರು ಬಾರಿ ನಡೆಸಿದ ದೊಡ್ಡ ಸಮೀಕ್ಷೆಗಳಲ್ಲಿ, ವಯಸ್ಸಾಗುತ್ತ ಹೆಚ್ಚು ಧಾರ್ಮಿಕವಾದ ತಲೆಮಾರು ಕಂಡಿಲ್ಲ. 2023–24ರಲ್ಲಿ ಅಲ್ಲಿ 18ರಿಂದ 24ರವರಲ್ಲಿ ಶೇ. 43 ಮಂದಿ ಯಾವ ಧರ್ಮಕ್ಕೂ ಸೇರದವರು. ಆದರೆ ಒಟ್ಟು ಜನಸಂಖ್ಯೆಯಲ್ಲಿ ಏರಿಕೆ 2020ರ ಸುಮಾರಿನಿಂದ ನಿಂತಂತಿದೆ. ಇದನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ. ಅದು ನಮ್ಮ ಲೋಪ.

ಏರಿಕೆಯ ಬೇರು ಮನೆಯಲ್ಲೇ ಇದೆ ಎಂಬುದಕ್ಕೆ ಬ್ರಿಟನ್ನಿನ ಸಂಶೋಧಕರಾದ ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ 2005ರಲ್ಲಿ ತೋರಿಸಿದ ಲೆಕ್ಕ ಒಳ್ಳೆಯ ಸಾಕ್ಷಿ. ಅಪ್ಪ ಅಮ್ಮ ಇಬ್ಬರೂ ಧಾರ್ಮಿಕರಾದರೆ ಅದು ಮಕ್ಕಳಿಗೆ ದಾಟುವ ಸಾಧ್ಯತೆ ಸುಮಾರು ಅರ್ಧ. ಒಬ್ಬರೇ ಆದರೆ ಅದರಲ್ಲೂ ಅರ್ಧ. ಇಬ್ಬರೂ ಅಲ್ಲದವರಾದರೆ ಆ ‘ಅಲ್ಲ’ ಮಾತ್ರ ಹೆಚ್ಚುಕಡಿಮೆ ಪೂರ್ತಿ ದಾಟುತ್ತದೆ. ದೊಡ್ಡವರು ನಂಬಿಕೆ ಬಿಟ್ಟು ಹೊರಡುವುದಕ್ಕಿಂತ, ಚಿಕ್ಕವರು ಅದಿಲ್ಲದೆ ಬೆಳೆಯುವುದೇ ಹೆಚ್ಚು.

ಇನ್ನು ನಿಮ್ಮ ಸಮೀಕ್ಷೆ. ಮೊದಲು 120 ಪ್ರತಿಗಳಲ್ಲಿ 60ನ್ನು ನೇರ ಪ್ರಶ್ನೆಯೊಂದಿಗೆ, 60ನ್ನು ಎರಡು ಹೆಜ್ಜೆಯ ಪ್ರಶ್ನೆಯೊಂದಿಗೆ ಮುದ್ರಿಸಿ, ಕಲಸಿ ಹಂಚಿ. ಪ್ರಶ್ನೆಯ ಪ್ರಭಾವ ಏನೆಂಬುದು ವಿದ್ಯಾರ್ಥಿಗಳಿಗೆ ತಮ್ಮ ಕೈಯಲ್ಲೇ ಅರ್ಥವಾಗುತ್ತದೆ. ದೇವರ ಪ್ರಶ್ನೆಗೆ ಹೌದು–ಇಲ್ಲ ಸಾಲದು, ಆರು ಆಯ್ಕೆ ಕೊಡಿ: ‘ನಂಬುವುದಿಲ್ಲ’; ‘ಇದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ’; ‘ದೇವರಲ್ಲ, ಒಂದು ಶಕ್ತಿ ಇದೆ’; ‘ಕೆಲವೊಮ್ಮೆ ನಂಬುತ್ತೇನೆ’; ‘ನಂಬುತ್ತೇನೆ, ಸಂದೇಹವೂ ಇದೆ’; ‘ಸಂದೇಹವಿಲ್ಲದೆ ನಂಬುತ್ತೇನೆ’. ಆಚರಣೆಯ ಬಗ್ಗೆ ‘ಸಾಮಾನ್ಯವಾಗಿ’ ಎಂದು ಕೇಳಬೇಡಿ, ‘ಕಳೆದ 7 ದಿನಗಳಲ್ಲಿ’ ಎಂದು ಕೇಳಿ. ‘ಸಾಮಾನ್ಯವಾಗಿ’ ಎಂದಾಗ ಜನ ತಾವು ಹೇಗಿರಬೇಕೋ ಅದನ್ನು ಬರೆಯುತ್ತಾರೆ.

ನಾವು ಬಹಳ ಮುಖ್ಯ ಎಂದುಕೊಂಡಿರುವ ಭಾಗ ಈಗ. ಬಹುತೇಕ ಸಮೀಕ್ಷೆಗಳು ಈ ಯುವಜನರು ಏನಲ್ಲ ಎಂಬುದನ್ನು ದಾಖಲಿಸಿ ಮುಗಿಸುತ್ತವೆ. ಅವರ ನಂಬಿಕೆ ಏನು ಎಂದು ಕೇಳುವುದೇ ಇಲ್ಲ. ಇದು ಅವರಿಗೆ ಮಾಡುವ ಅನ್ಯಾಯ. ಸಾವಿನ ನಂತರ ಏನಿದೆ, ವಿಧಿ ಎಂಬುದಿದೆಯೇ, ನಕ್ಷತ್ರ ರಾಶಿಗಳು ಬದುಕನ್ನು ತಿರುಗಿಸುತ್ತವೆಯೇ, ತಪ್ಪು–ಸರಿ ಎಲ್ಲಿಂದ ಬರುತ್ತದೆ, ಕಷ್ಟ ಬಂದಾಗ ಯಾವುದನ್ನು ಆಧರಿಸುತ್ತೀರಿ ಎಂದು ಕೇಳಿ. ಕೊನೆಯ ಎರಡಕ್ಕೆ ಚೌಕ ಬೇಡ, ನಾಲ್ಕು ಸಾಲು ಖಾಲಿ ಬಿಡಿ. ಬ್ರಿಟನ್ನಿನ ಸಂಶೋಧಕರು ಬ್ರೆಜಿಲ್, ಚೀನಾ, ಡೆನ್ಮಾರ್ಕ್, ಜಪಾನ್, ಬ್ರಿಟನ್, ಅಮೆರಿಕಗಳಲ್ಲಿ ನಡೆಸಿ 2019ರಲ್ಲಿ ವರದಿ ಕೊಟ್ಟ ಅಧ್ಯಯನದಲ್ಲಿ, ದೇವರನ್ನು ನಂಬದಿದ್ದವರಲ್ಲೂ ಇಂಥ ಬೇರೆ ಅಲೌಕಿಕ ನಂಬಿಕೆಗಳು ಉಳಿದಿದ್ದವು.

120 ಜನರನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಆರಿಸಿದರೂ ಶೇಕಡಾವಾರು ಅಂಕಿ 9ರಷ್ಟು ಆಚೀಚೆ ಆಗಬಹುದು. ಒಂದೇ ತರಗತಿಯಿಂದ ಆರಿಸಿದರೆ ಅಷ್ಟು ಖಾತರಿಯೂ ಇಲ್ಲ. 60 ಹುಡುಗರು, 60 ಹುಡುಗಿಯರು ಎಂದು ಒಡೆದರೆ, ಇಬ್ಬರ ನಡುವೆ 18 ಶೇಕಡಾ ಅಂಶಗಳಿಗಿಂತ ಕಡಿಮೆ ಅಂತರ ಕಂಡಾಗ ಅದರ ಮೇಲೆ ಏನನ್ನೂ ಕಟ್ಟಬೇಡಿ. ಎರಡು ಬಗೆಯ ಪ್ರಶ್ನೆಗಳ ಅಂತರಕ್ಕೂ ಇದೇ ಮಾತು.

ತುಂಬುವಾಗ ನೀವು ಕೊಠಡಿಯಲ್ಲಿರಬೇಡಿ. ಹೆಸರು, ರೋಲ್ ನಂಬರ್ ಬೇಡ. ಒಂದೊಂದು ಕುರ್ಚಿ ಬಿಟ್ಟು ಕೂರಿಸಿ, ಮಡಚಿದ ಹಾಳೆಯನ್ನು ಮುಚ್ಚಿದ ಡಬ್ಬಕ್ಕೆ ಹಾಕಿಸಿ. ಫಲಿತಾಂಶ ಹಾಕುವಾಗ 5ಕ್ಕಿಂತ ಕಡಿಮೆ ಜನರಿರುವ ಕೋಷ್ಟಕದ ಮನೆಯನ್ನು ಪಕ್ಕದ್ದಕ್ಕೆ ಸೇರಿಸಿ. ‘ಎರಡನೇ ವರ್ಷ, ವಿಜ್ಞಾನ, ಹುಡುಗಿ, ನಂಬುವುದಿಲ್ಲ: 1’ ಎಂದು ಫಲಕದಲ್ಲಿ ಹಾಕಿದರೆ, ಆ ಒಬ್ಬಳು ಯಾರೆಂದು ಸಂಜೆಯೊಳಗೆ ಇಡೀ ಕಾಲೇಜಿಗೆ, ರಾತ್ರಿಯೊಳಗೆ ಅವಳ ಮನೆಗೆ ಗೊತ್ತಾಗುತ್ತದೆ.

— ಸಂಪಾದಕರು